ಬೆನ್ನಡಿಯ ಚಳಿ: ಅಮಿಕಲೋಲಾದಿಂದ ನೀಲ್ ಗ್ಯಾಪ್‌ಗೆ ಎರಡು ಪದರದ ಅಡಿಗೌದಿ

ಅಮೆರಿಕದ ಅಟ್ಲಾಂಟಾದಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ತಾಸು ಹೋದರೆ ಅಮಿಕಲೋಲಾ. 222 ಮೀಟರ್ ಎತ್ತರದಿಂದ ಹಂತಹಂತವಾಗಿ ಇಳಿಯುವ ಜಲಪಾತ, ಅದರ ಪಕ್ಕದಲ್ಲೇ 604 ಮೆಟ್ಟಿಲು. ಅವನ್ನು ಹತ್ತಿ, ಮರಗಳ ಮೇಲೆ ಬಳಿದ ನೀಲಿ ಪಟ್ಟೆಗಳ ಜಾಡು ಹಿಡಿದರೆ 14 ಕಿ.ಮೀ. ದೂರದಲ್ಲಿ ಸ್ಪ್ರಿಂಗರ್ ಬೆಟ್ಟದ ನೆತ್ತಿ. ಅಲ್ಲಿಂದ ಪಟ್ಟೆ ಬಿಳಿಯಾಗುತ್ತದೆ. ಮೇನ್ ರಾಜ್ಯದವರೆಗೆ 3,500 ಕಿ.ಮೀ. ಓಡುವ ಕಾಲುದಾರಿ, ಅಪಲಾಚಿಯನ್ ಟ್ರೇಲ್‌ನ ತೆಂಕಣ ತುದಿ ಇದೇ. ಅಲ್ಲಿಂದ ನೀಲ್ ಗ್ಯಾಪ್ ಎಂಬ ಬೆಟ್ಟಗಳ ನಡುವಿನ ತಗ್ಗಿಗೆ ಇನ್ನೂ 50 ಕಿ.ಮೀ. ಮೂರು ರಾತ್ರಿ, ನಾಲ್ಕು ಹಗಲಿನ ದಾರಿ.

ಮಾರ್ಚ್ ತಿಂಗಳಲ್ಲಿ ಇಲ್ಲಿ ಹಗಲು ಅಂಗಿ ಒದ್ದೆಯಾಗುವಷ್ಟು ಬೆವರು, ರಾತ್ರಿ ಬಾಟಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ನೆಲ ಇಳಿಜಾರು, ಬೇರು, ಕಲ್ಲು. ಮರಗಳಿಗೆ ಮಾತ್ರ ಕೊರತೆಯಿಲ್ಲ. ಹಾಗಾಗಿ ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ, ಹ್ಯಾಮಕ್, ಹೇಳಿ ಮಾಡಿಸಿದ ಮಲಗುತಾಣ. ತೊಂದರೆ ಇರುವುದು ಬೆನ್ನಡಿಯಲ್ಲಿ. ಎಷ್ಟೇ ಒಳ್ಳೆಯ ಸ್ಲೀಪಿಂಗ್ ಬ್ಯಾಗಾದರೂ ಮೈಭಾರಕ್ಕೆ ಕೆಳಭಾಗ ಚಪ್ಪಟೆಯಾಗುತ್ತದೆ. ಬೆಚ್ಚಗಿಡುವುದು ನಾರಲ್ಲ, ನಾರಿನ ನಡುವೆ ಸಿಕ್ಕಿಬಿದ್ದ ಗಾಳಿ. ಅದು ಹಿಂಡಿಹೋದ ಮೇಲೆ ಉಳಿಯುವುದು ಬರೀ ಬಟ್ಟೆ. ಅದಕ್ಕೇ ಕೌದಿಯನ್ನು ಹ್ಯಾಮಕ್‌ನ ಒಳಗೆ ಹಾಸದೆ ಹೊರಗೆ, ಅಡಿಯಲ್ಲಿ ತೂಗುಬಿಡುವುದು. ಇಂಗ್ಲಿಷಿನ ಅಂಡರ್‌ಕ್ವಿಲ್ಟ್‌ಗೆ ಅಡಿಗೌದಿ ಅಂದರೆ ಸಾಕು.

ಆದರೆ ಇದು ನಮ್ಮ ಉತ್ತರ ಕರ್ನಾಟಕದ ಕೌದಿಯ ಲೆಕ್ಕವಲ್ಲ. ಅಲ್ಲಿ ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ಹೊಲಿಗೆ ಹಾಕಿದಷ್ಟೂ ಬಾಳಿಕೆ. ಇಲ್ಲಿ ನಡುವೆ ಹಾಕಿದ ಪ್ರತಿ ಹೊಲಿಗೆಯೂ ಪದರವನ್ನು ಚಪ್ಪಟೆ ಮಾಡಿ ಚಳಿಗೆ ಗೆರೆ ಎಳೆದು ಕೊಡುತ್ತದೆ. ಕ್ಲೈಮಾಶೀಲ್ಡ್ ಏಪೆಕ್ಸ್ ಎಂಬ ಕೃತಕ ನಾರಿನ ಹಾಸನ್ನು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಅದರ ನಾರು ತುಂಡಾಗದೆ ಉದ್ದಕ್ಕೂ ಓಡುವುದರಿಂದ ನಾಲ್ಕು ಅಂಚಿನಲ್ಲಿ ಹಿಡಿದು ಹೊಲಿದರೆ ಸಾಕು, ಒಳಗೆ ಜಾರಿ ಗುಡ್ಡೆಯಾಗುವುದಿಲ್ಲ. ಹಕ್ಕಿಯ ಪುಕ್ಕ ಇದಕ್ಕಿಂತ ಹಗುರ ನಿಜ, ಆದರೆ ಮಂಜು ಮಳೆಯ ಈ ಬೆಟ್ಟಗಳಲ್ಲಿ ಒದ್ದೆಯಾದ ಪುಕ್ಕ ಮುದ್ದೆಯಾಗಿ ಕೂರುತ್ತದೆ.

ಚದರ ಗಜಕ್ಕೆ 2.5 ಔನ್ಸ್ ತೂಗುವ ಹಾಸು ಸುಮಾರು 10 ಡಿಗ್ರಿ ಸೆಲ್ಸಿಯಸ್‌ವರೆಗೆ, 3.6 ಔನ್ಸಿನದು 4 ಡಿಗ್ರಿವರೆಗೆ, ಎರಡೂ ಸೇರಿದರೆ ಮೈನಸ್ 6ರವರೆಗೆ ತಡೆಯುತ್ತದೆ ಎಂಬುದು ಹೊಲಿಯುವವರಲ್ಲಿ ರೂಢಿಯ ಅಂದಾಜು. ಚಳಿ ಹತ್ತುವ ಮೈಯವರು ಈ ಅಂಕಿಗಳಿಗೆ ನಾಲ್ಕೈದು ಡಿಗ್ರಿ ಕೂಡಿಸಿಕೊಳ್ಳಲಿ. ದಪ್ಪದ ಒಂದೇ ಕೌದಿ ಹೊಲಿಯುವುದಕ್ಕಿಂತ ಎರಡು ಬೇರೆ ಬೇರೆ ಹೊಲಿದರೆ ಮೂರು ಹವಾಮಾನಕ್ಕೆ ಆಗುತ್ತದೆ.

2.5 ಔನ್ಸಿನ ಹಾಸಿನ ಒಳಪದರ ಹೊಲಿದು ಮುಗಿದಾಗ ಉದ್ದ 132, ಅಗಲ 108 ಸೆಂ.ಮೀ. ಇರಬೇಕು. 3.6 ಔನ್ಸಿನ ಹೊರಪದರದ ಉದ್ದ ಅಷ್ಟೇ, ಅಗಲ 114. ಈ 6 ಸೆಂ.ಮೀ. ಹೆಚ್ಚಳದಲ್ಲೇ ಇಡೀ ಕೆಲಸದ ಗುಟ್ಟು ಇದೆ. ತೂಗುವಾಗ ಕೌದಿ ಅಡ್ಡಕ್ಕೆ ಅರ್ಧ ವೃತ್ತದಂತೆ ಬಾಗುತ್ತದೆ. ಒಳಪದರ ಉಬ್ಬಿದಾಗ ದಪ್ಪ ಒಂದೂವರೆ ಸೆಂ.ಮೀ.; ಅದನ್ನು ಸುತ್ತಿಕೊಂಡು ಬರುವ ಹೊರಪದರಕ್ಕೆ ಆ ದಪ್ಪದ 3.14 ಪಟ್ಟು, ಅಂದರೆ ಸುಮಾರು 5 ಸೆಂ.ಮೀ. ಹೆಚ್ಚು ಅಗಲ ಬೇಕು. ಒಂದು ಸೆಂ.ಮೀ. ಕೈಸಡಿಲ. ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಹೊರಗಿನದು ಒಳಗಿನದನ್ನು ಹ್ಯಾಮಕ್‌ಗೆ ಒತ್ತಿ ಹಿಡಿಯುತ್ತದೆ. ತೂಕ ಎರಡು ಪದರದ್ದು, ಬಿಸಿ ಒಂದೇ ಪದರದ್ದು. ಮನೆಯಲ್ಲಿ ಹೊಲಿದವು ಹೆಚ್ಚಾಗಿ ಸೋಲುವುದು ಇಲ್ಲೇ.

ಹೊದಿಕೆಗೆ 1.1 ಔನ್ಸಿನ, ನೀರು ಜಾರುವ ಲೇಪವಿರುವ ರಿಪ್‌ಸ್ಟಾಪ್ ನೈಲಾನ್, ಒಂದೊಂದು ಪದರಕ್ಕೂ ಎರಡೆರಡು ಹಾಳೆ. ಸುತ್ತಲೂ ಒಂದೂವರೆ ಸೆಂ.ಮೀ. ಹೊಲಿಗೆಗೆ ಬಿಟ್ಟು 135 × 111 ಮತ್ತು 135 × 117ಕ್ಕೆ ಕತ್ತರಿಸಿ. ಹಾಸೂ ಅದೇ ಅಳತೆಗೆ. ಗುಂಡುಪಿನ್ನು ಬೇಡ, ಕ್ಲಿಪ್ ಸಾಕು, ಚುಚ್ಚಿದ ತೂತು ಈ ಬಟ್ಟೆಯಲ್ಲಿ ಮುಚ್ಚುವುದಿಲ್ಲ. 70ರ ಹೊಸ ಸೂಜಿ, ಪಾಲಿಯೆಸ್ಟರ್ ದಾರ, 3 ಮಿ.ಮೀ. ಹೊಲಿಗೆ. ಎರಡು ಹಾಳೆಗಳ ಒಳ್ಳೆಯ ಮುಖ ಒಂದಕ್ಕೊಂದು ತಾಗುವಂತೆ ಇಟ್ಟು, ಮೇಲೆ ಹಾಸು ಹರಡಿ ಸುತ್ತ ಹೊಲಿಯುತ್ತ ಬಂದು, ಗಿಡ್ಡ ಬದಿಯಲ್ಲಿ 30 ಸೆಂ.ಮೀ. ಬಾಯಿ ಬಿಡಿ. ದಿಂಬಿನ ಚೀಲದಂತೆ ಆ ಬಾಯಿಂದ ಒಳಗು ಹೊರಗು ಮಾಡಿದರೆ ಹಾಸು ತಾನೇ ನಡುವೆ ಬಂದು ಕೂರುತ್ತದೆ. ನಾರು ಮೆಷಿನ್ನಿನ ಪಾದಕ್ಕೆ ಸಿಕ್ಕಿ ಎಳೆಯುವುದುಂಟು. ಅಂಚಿನುದ್ದಕ್ಕೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದರಾಯಿತು.

ನಾಲ್ಕೂ ಅಂಚಿಗೆ ಒಂದಿಂಚಿನ ಗಟ್ಟಿ ಟೇಪನ್ನು ಎರಡು ಸಾಲು ಹೊಲಿಗೆಯಲ್ಲಿ ಕೂರಿಸಿದರೆ ನಡುವೆ ಸುರಂಗ ಉಳಿಯುತ್ತದೆ. ಬಿಟ್ಟ ಬಾಯಿಯೂ ಟೇಪಿನಡಿ ಮುಚ್ಚಿಹೋಗುತ್ತದೆ. ಉದ್ದದ ಸುರಂಗಗಳಲ್ಲಿ 3 ಮಿ.ಮೀ. ಎಲಾಸ್ಟಿಕ್ ಹುರಿ, ಇವು ಹ್ಯಾಮಕ್‌ನ ಎರಡೂ ತುದಿಗೆ ಹೋಗಿ ಕೌದಿಯನ್ನು ಹೊರುವಂಥವು. ಗಿಡ್ಡ ಸುರಂಗಗಳಲ್ಲಿ 2 ಮಿ.ಮೀ. ಹುರಿ ಮತ್ತು ಬಿಗಿಯುವ ಗುಂಡಿ. ಎರಡು ಪದರವನ್ನು ಜೋಡಿಸಲು ಉದ್ದದ ಅಂಚುಗಳಲ್ಲಿ ಮಾತ್ರ ಮೂರು ಮೂರು ಟಿಚ್ ಬಟನ್. ನಡುವೆ ಒಂದನ್ನೂ ಹಾಕಬೇಡಿ, ಬಟನ್ ಕೂತ ಕಡೆ ಚಳಿಯೂ ಕೂರುತ್ತದೆ. ಎಲ್ಲ ಸೇರಿ 650 ಗ್ರಾಂ ಒಳಗೇ ಮುಗಿಯುತ್ತದೆ. ಇದು ಹೆಗಲಿಂದ ಮೊಣಕಾಲಿನವರೆಗಿನ ಅಳತೆ. ಕಾಲಡಿಗೆ ಮಡಚಿದ ಫೋಮ್ ತುಂಡೊಂದು ಸಾಕು.

ಮೊದಲ ರಾತ್ರಿ ಸ್ಟೋವರ್ ಕ್ರೀಕ್, ಸ್ಪ್ರಿಂಗರ್‌ನಿಂದ ನಾಲ್ಕೂವರೆ ಕಿ.ಮೀ. ಇಳಿಜಾರು. ಹಳ್ಳದ ಪಕ್ಕ ಹೆಮ್ಲಾಕ್ ಮರಗಳು. ಏಷ್ಯಾ ಮೂಲದ ಅಡೆಲ್ಜಿಡ್ ಎಂಬ ರಸ ಹೀರುವ ಕೀಟ ಈ ಜಾತಿಯನ್ನು ಈ ಸೀಮೆಯಲ್ಲಿ ಒಣಗಿಸುತ್ತಿದೆ, ಆದ್ದರಿಂದ ಪಟ್ಟಿ ಕಟ್ಟುವ ಮೊದಲು ಕತ್ತೆತ್ತಿ ಒಣಕೊಂಬೆ ನೋಡುವುದು ಕಡ್ಡಾಯ. ಮರಕ್ಕೆ ಸುತ್ತುವ ಪಟ್ಟಿ ಒಂದಿಂಚಿಗಿಂತ ಕಿರಿದಾಗಬಾರದು, ತೊಗಟೆ ಕಚ್ಚುತ್ತದೆ. ಪಟ್ಟಿ 30 ಡಿಗ್ರಿ ಓರೆ, 11 ಅಡಿ ಹ್ಯಾಮಕ್‌ಗೆ ತುದಿಯಿಂದ ತುದಿಗೆ ಕಟ್ಟುವ ಮೇಲ್ದಾರ 9 ಅಡಿ 1 ಇಂಚು. ಈ ಜೋಲು ಪ್ರತಿ ರಾತ್ರಿ ಒಂದೇ ಇದ್ದರೆ ಕೌದಿಯ ಹುರಿಯನ್ನು ಮತ್ತೆ ಮತ್ತೆ ತಿದ್ದಬೇಕಿಲ್ಲ. 7–8 ಡಿಗ್ರಿಯ ರಾತ್ರಿಗೆ ಹೊರಪದರವೊಂದೇ ಸಾಕು.

ಎರಡನೇ ರಾತ್ರಿ ಗೂಚ್ ಬೆಟ್ಟ, 21 ಕಿ.ಮೀ. ಏರಿಳಿತದ ನಂತರ. ಇಲ್ಲಿ ಎರಡೂ ಪದರ, ಜೊತೆಗೆ ಗಾಳಿ. ಮಲಗಿದ ಹತ್ತು ನಿಮಿಷಕ್ಕೇ ಹೆಗಲ ಕೆಳಗೆ ತಣ್ಣಗಾದರೆ ತುದಿ ತೆರೆದಿದೆ ಎಂದರ್ಥ. ಸೊಂಟದಡಿ ತಣ್ಣಗಾದರೆ ಕಾರಣ ಎರಡರಲ್ಲೊಂದು: ಕೌದಿ ಜೋತುಬಿದ್ದು ನಡುವೆ ಗಾಳಿ ಓಡಾಡುತ್ತಿದೆ, ಇಲ್ಲವೇ ಹುರಿ ಬಿಗಿದು ಹಾಸು ಹಿಂಡಿದೆ. ಯಾವುದೆಂದು ತಿಳಿಯಲು, ಒಬ್ಬರು ಮಲಗಿದಾಗ ಇನ್ನೊಬ್ಬರು ಹ್ಯಾಮಕ್‌ಗೂ ಕೌದಿಗೂ ನಡುವೆ ಕೈ ತೂರಿಸಬೇಕು. ಅಂಗೈ ಎರಡೂ ಕಡೆ ಮೆತ್ತಗೆ ತಾಗುತ್ತ ಸರಾಗವಾಗಿ ಜಾರಿದರೆ ಸರಿ. ಮುಷ್ಟಿ ಹಿಡಿಸಿದರೆ ಸಡಿಲ, ಬೆರಳು ತೂರದಿದ್ದರೆ ಬಿಗಿ. ಗಾಬರಿಯಲ್ಲಿ ತುದಿಯ ಹುರಿಯನ್ನು ಪೂರ್ತಿ ಎಳೆದುಬಿಡುವವರೇ ಹೆಚ್ಚು. ಹಾಗೆ ಎಳೆದರೆ ತುದಿ ಮುಚ್ಚುತ್ತದೆ, ನಡುಭಾಗ ಕೆಳಗೆ ಬಾಯಿಬಿಡುತ್ತದೆ. ಮೊದಲು ಉದ್ದದ ಹುರಿ, ಆಮೇಲೆ ತುದಿಯದು. ಹೊರಪದರದ ಹುರಿ ಒಳಗಿನದಕ್ಕಿಂತ ಎರಡು ಬೆರಳು ಸಡಿಲ ಇರಲಿ.

ಮೂರನೇ ದಿನದ ದಾರಿ ವುಡಿ ಗ್ಯಾಪ್‌ನಲ್ಲಿ ಹೆದ್ದಾರಿ ದಾಟಿ ಬಿಗ್ ಸೀಡರ್ ಬೆಟ್ಟ ಏರಿ ಲ್ಯಾನ್ಸ್ ಕ್ರೀಕ್‌ಗೆ ಇಳಿಯುತ್ತದೆ. ನೋಡಲು ಗಾಳಿಮರೆಯ ತಗ್ಗು, ಆದರೆ ತಂಪು ಗಾಳಿ ಭಾರ. ರಾತ್ರಿ ಇಳಿದು ಹಳ್ಳದ ದಡದಲ್ಲೇ ನಿಲ್ಲುತ್ತದೆ. ನೀರಿಂದ ಇಪ್ಪತ್ತು ಮೀಟರ್ ಮೇಲಕ್ಕೆ ಹತ್ತಿ ಕಟ್ಟಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಮಳೆಗೆ ಮೇಲೆ ಕಟ್ಟುವ ಹೊದಿಕೆ, ಟಾರ್ಪಿನ ಅಂಚು ಕೌದಿಯ ಮಟ್ಟಕ್ಕಿಂತ ಕೆಳಗೆ ಬರಬೇಕು, ಇಲ್ಲವೆಂದರೆ ಓರೆ ಮಳೆ ಹೊರಪದರವನ್ನು ನೆನೆಸುತ್ತದೆ. ನೆನೆದರೂ ಹಿಂಡಿ ಕೊಡವಿದರೆ ಏಪೆಕ್ಸ್ ಮತ್ತೆ ಉಬ್ಬುತ್ತದೆ, ಅಷ್ಟು ಸಮಾಧಾನ.

ಕೊನೆಯ ಬೆಳಗ್ಗೆ ಬ್ಲಡ್ ಮೌಂಟನ್. ನೆತ್ತಿಯಲ್ಲಿ 1930ರ ದಶಕದ ಕಲ್ಲಿನ ತಂಗುಮನೆ, ಅದರಾಚೆ ಕಡಿದಾದ ಇಳಿಜಾರು, ಬುಡದಲ್ಲಿ ನೀಲ್ ಗ್ಯಾಪ್. ಅಲ್ಲಿ ಕಾಲುದಾರಿ ಕಲ್ಲಿನ ಕಟ್ಟಡವೊಂದರ ಕಮಾನಿನಡಿಯೇ ಹಾದುಹೋಗುತ್ತದೆ. ಕಾರು ಸಿಕ್ಕ ಕೂಡಲೇ ಕೌದಿಗಳನ್ನು ಚೀಲದಿಂದ ತೆಗೆದು ಹಿಂದಿನ ಸೀಟಿನ ಮೇಲೆ ಹರಡಿ. ಈ ನಾರು ದಿನಗಟ್ಟಲೆ ಹಿಂಡಿಕೊಂಡು ಬಿದ್ದರೆ ಮೊದಲಿನ ದಪ್ಪಕ್ಕೆ ಮರಳುವುದಿಲ್ಲ. ಮನೆಯಲ್ಲೂ ಬೀರುವಿನಲ್ಲಿ ತುರುಕದೆ ಹ್ಯಾಂಗರ್‌ಗೆ ನೇತುಹಾಕಿ.