ಪಂಚಾಯತಿನ ಕೇಸು, ನಮ್ಮ ದುಡ್ಡು

ಪಂಚಾಯತ್ ಮೀಟಿಂಗಿನ ಅಜೆಂಡಾದಲ್ಲಿ ಕೋರ್ಟು ಕೇಸಿನ ವಿಷಯ ಯಾವಾಗ್ಲೂ ಕೊನೆಗೇ ಬರುವುದು. ದಾರಿದೀಪ, ಪ್ಲಾನ್ ಫಂಡು, ಕುಡಿಯುವ ನೀರು ಎಲ್ಲ ಚರ್ಚೆ ಆಗಿ, ಚಾ ಕುಡಿದು, ಅರ್ಧ ಜನ ಏಳುವ ಹೊತ್ತಿಗೆ ಸೆಕ್ರೆಟರಿ ಒಂದು ಫೈಲು ತೆಗೀತಾರೆ. ಮುನ್ಸಿಫ್ ಕೋರ್ಟಲ್ಲಿ ನಮ್ಮ ವಿರುದ್ಧ ತೀರ್ಪಾಗಿದೆ, ಎಂತ ಮಾಡುವ ಅಂತ ಕೇಳ್ತಾರೆ, ಯಾರೋ ಒಬ್ರು "ಅಪೀಲು ಹಾಕುವ" ಅಂತಾರೆ, ಆಯ್ತು, ಮಿನಿಟ್ಸಲ್ಲಿ ಒಂದು ಸಾಲು. ನಾನು ಒಂದು ಅವಧಿ ವಾರ್ಡ್ ಮೆಂಬರ್ ಆಗಿದ್ದಾಗ ನೋಡಿದ್ದು ಇದನ್ನೇ, ಕಾಸರಗೋಡಿನ ಬೇರೆ ಬೇರೆ ಪಂಚಾಯತುಗಳಲ್ಲಿರುವ ಸ್ನೇಹಿತರು ಹೇಳುವುದೂ ಇದನ್ನೇ. ಒಂದು ಕಲ್ವರ್ಟಿಗೆ ಮುಕ್ಕಾಲು ಗಂಟೆ ಜಗಳ ಮಾಡುವ ನಾವು ಎರ್ನಾಕುಳಂನ ಹೈಕೋರ್ಟಿನವರೆಗೆ ಹೋಗಬಹುದಾದ ಒಂದು ಕೇಸನ್ನು ಯಾವ ಲೆಕ್ಕಾಚಾರವೂ ಇಲ್ಲದೆ ಪಾಸ್ ಮಾಡ್ತೇವೆ, ಇದು ನನ್ನನ್ನು ಈಗ್ಲೂ ಕೊರೀತಾ ಉಂಟು.

ಯಾಕೆ ಹೀಗಾಗ್ತದೆ ಅಂದ್ರೆ ಮೂಲದಲ್ಲಿ ಆಡಿಟಿನ ಹೆದರಿಕೆ. ಉದಾಹರಣೆಗೆ ಪಂಚಾಯತು ಒಬ್ಬರ ಜತೆ ಮಾತಾಡಿ ಎರಡು ಲಕ್ಷಕ್ಕೆ ರಾಜಿ ಮಾಡಿತು ಅಂತಿಟ್ಟುಕೊಳ್ಳಿ, ನಾಳೆ ಆಡಿಟಿನವರು ಬಂದು ಯಾವ ಆಧಾರದಲ್ಲಿ ಕೊಟ್ರಿ ಅಂತ ಕೇಳ್ತಾರೆ, 1994ರ ಕೇರಳ ಲೋಕಲ್ ಫಂಡ್ ಆಡಿಟ್ ಆಕ್ಟಿನಲ್ಲಿ ಪಂಚಾಯತಿಗೆ ಆದ ನಷ್ಟವನ್ನು ಹೊಣೆಯಾದವರಿಂದಲೇ ವಸೂಲು ಮಾಡುವ ಸರ್ಚಾರ್ಜ್ ಅಧಿಕಾರ ಉಂಟು. ಅದೇ ಹಣ ಏಳೆಂಟು ವರ್ಷ ಕೇಸು ನಡೆದು, ಬಡ್ಡಿ, ವಕೀಲರ ಫೀಸು ಎಲ್ಲ ಸೇರಿ ನಾಲ್ಕು ಲಕ್ಷ ಆಗಿ ಕೋರ್ಟಿನ ಡಿಕ್ರಿ ಪ್ರಕಾರ ಹೋದ್ರೆ ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ "ಕೋರ್ಟು ಹೇಳಲಿ, ಆಮೇಲೆ ಕೊಡುವ" ಅನ್ನುವುದು ಎಲ್ಲರಿಗೂ ಸೇಫ್. ಸೆಕ್ರೆಟರಿಯನ್ನು ನಾನು ದೂರುವುದಿಲ್ಲ, ತೆಂಕಣ ಜಿಲ್ಲೆಯಿಂದ ಬಂದವರು, ಇನ್ನೊಂದು ವರ್ಷದಲ್ಲಿ ಟ್ರಾನ್ಸ್‌ಫರ್ ಆಗುವವರು, ತಮ್ಮ ಹೆಸರಲ್ಲಿ ಒಂದು ಆಬ್ಜೆಕ್ಷನ್ ಯಾಕೆ ಬರಬೇಕು ಅಂತ ಅವರಿಗೆ ಅನಿಸುವುದು ಸಹಜ. ಮೆಂಬರುಗಳಿಗೆ ಬೇರೆ ಹೆದರಿಕೆ. ಒಂದೆರಡು ಸೀಟಿನ ಮೇಲೆ ಆಡಳಿತ ನಿಂತಿರುವ ಕಡೆ ರಾಜಿ ಅಂದ ಕೂಡ್ಲೆ ಎದುರು ಪಕ್ಷದವರು "ಒಳಗಿಂದ ವ್ಯವಹಾರ ಆಗಿದೆ" ಅಂತ ಫ್ಲೆಕ್ಸ್ ಹಾಕ್ತಾರೆ.

ನಮ್ಮ ಒಂದು ರಸ್ತೆ ಕೇಸು ಹೇಳ್ತೇನೆ, ಇಂಥದ್ದು ಈ ಕಡೆ ಎಲ್ಲ ಪಂಚಾಯತಿನಲ್ಲೂ ಇರಬಹುದು. ಹಿಂದಿನ ಕಾಲದಲ್ಲಿ ಹಿರಿಯರೊಬ್ರು ರಸ್ತೆಗೆ ಜಾಗ ಬಿಟ್ಟುಕೊಟ್ಟಿದ್ರು, ಬಿಳಿ ಕಾಗದದಲ್ಲಿ ಒಂದು ಸಮ್ಮತಿ ಪತ್ರ, ರಿಜಿಸ್ಟರ್ ಇಲ್ಲ, ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಸರಿಯಾದ ಎಂಟ್ರಿಯೂ ಇಲ್ಲ. ಅವರು ತೀರಿಹೋಗಿ ಮಕ್ಕಳಲ್ಲಿ ಪಾಲಾಯ್ತು, ಅಳತೆ ಮಾಡಿಸಿದಾಗ ರಸ್ತೆ ಇನ್ನೂ ಒಳಗೆ ಬಂದದ್ದು ಗೊತ್ತಾಯ್ತು, ಅದರ ಮೇಲೆ ಅಗಲ ಮಾಡುವಾಗ ಮುರಕಲ್ಲಿನ ಕಂಪೌಂಡು ಕೂಡ ಬಿತ್ತು, ಮಳೆಗಾಲದಲ್ಲಿ ರಸ್ತೆಯ ನೀರು ಪೂರ್ತಿ ಅಡಿಕೆ ತೋಟಕ್ಕೆ. ಅವರು ಮೊದಲು ಕಳಿಸಿದ್ದು ವಕೀಲರ ನೋಟೀಸು. ಕೇಳಿದ್ದು ಬಹಳ ಏನೂ ಅಲ್ಲ, ಕಂಪೌಂಡು ಕಟ್ಟಿಕೊಡಿ, ಒಂದು ಚರಂಡಿ ಮಾಡಿ, ಇದ್ದ ರಸ್ತೆ ಇರಲಿ. ನೋಟೀಸಿಗೆ ಉತ್ತರವೇ ಹೋಗಲಿಲ್ಲ. ಕೇಸಾಯ್ತು, ಸ್ಟೇ ಬಂತು, ಕೋರ್ಟು ನೇಮಿಸಿದ ಕಮಿಷನ್ ಬಂದು ಅಳೆಯಿತು, ಟಾರಿಂಗ್ ನಿಂತು ಆ ವರ್ಷದ ಫಂಡು ಖರ್ಚಾಗದೆ ಮುಂದಿನ ವರ್ಷಕ್ಕೆ ಸ್ಪಿಲ್ ಓವರ್ ಆಯ್ತು, ಆ ರಸ್ತೆಯ ತುದಿಯಲ್ಲಿರುವ ಮನೆಗಳವರು ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಬಂದ್ರು. ಕೊನೆಗೆ ವರ್ಷಗಳ ನಂತರ ಲೋಕ್ ಅದಾಲತಿನಲ್ಲಿ, ಅಂದ್ರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಕಡೆ, ರಾಜಿಯಾದದ್ದು ಹೆಚ್ಚುಕಡಿಮೆ ಆ ಮೊದಲ ನೋಟೀಸಿನಲ್ಲಿದ್ದ ಷರತ್ತಿಗೇ.

ಆ ನೋಟೀಸಿನ ತಿಂಗಳು ಇದೆಯಲ್ಲ, ನನ್ನ ಪ್ರಕಾರ ಪೂರ್ತಿ ವ್ಯವಹಾರದಲ್ಲಿ ಅದಕ್ಕಿಂತ ಬೆಲೆಬಾಳುವ ಸಮಯ ಇಲ್ಲ. ಕೇರಳ ಪಂಚಾಯತ್ ರಾಜ್ ಆಕ್ಟಿನ 249ನೇ ಸೆಕ್ಷನ್ ಪ್ರಕಾರ ಪಂಚಾಯತಿನ ಮೇಲೆ ದಾವೆ ಹಾಕುವ ಮೊದಲು ಒಂದು ತಿಂಗಳ ನೋಟೀಸು ಕೊಡಬೇಕು. ಪಂಚಾಯತಿಗೆ ಯೋಚನೆ ಮಾಡ್ಲಿಕ್ಕೆ, ಸರಿ ಮಾಡುವುದಿದ್ರೆ ಸರಿ ಮಾಡ್ಲಿಕ್ಕೆ ಇಟ್ಟ ಸಮಯ ಅದು. ನಾವು ಅದನ್ನು ಟಪಾಲು ರಿಜಿಸ್ಟರಿನಲ್ಲಿ ನಂಬರ್ ಹಾಕಿ ಮುಗಿಸ್ತೇವೆ.

ಮತ್ತೆ ಆಡಿಟಿನ ಹೆದರಿಕೆಗೆ ದಾರಿ ಇಲ್ಲ ಅಂತಲ್ಲ. ಲೀಗಲ್ ಸರ್ವಿಸಸ್ ಅಥಾರಿಟೀಸ್ ಆಕ್ಟ್ 1987 ಪ್ರಕಾರ ಲೋಕ್ ಅದಾಲತಿನ ಅವಾರ್ಡಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ, ಕೇಸು ಮೊದ್ಲೇ ಕೋರ್ಟಲ್ಲಿದ್ರೆ ಕಟ್ಟಿದ ಕೋರ್ಟ್ ಫೀಸು ಕೂಡ ವಾಪಸು ಬರ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಕೇಸು ಹಾಕುವ ಮೊದಲೇ, ಅಂದ್ರೆ ನೋಟೀಸಿನ ಹಂತದಲ್ಲೇ ಅದಾಲತಿಗೆ ಹೋಗ್ಲಿಕ್ಕೆ ಆಗ್ತದೆ. ಅಲ್ಲಿ ಆಡಳಿತ ಸಮಿತಿಯ ತೀರ್ಮಾನ ಇಟ್ಟುಕೊಂಡು ರಾಜಿ ಮಾಡಿದ್ರೆ ಸೆಕ್ರೆಟರಿ ಕೈಯಲ್ಲಿ ಡಿಕ್ರಿಗೆ ಸಮನಾದ ಕಾಗದ ಇರ್ತದೆ. "ಕೋರ್ಟು ಹೇಳಲಿ" ಅಂತ ಕಾಯುವವರಿಗೆ ಬೇಕಾದ ಕಾಗದ ಎಂಟು ವರ್ಷ ಮೊದ್ಲೇ ಸಿಕ್ಕಿದ ಹಾಗೆ. ಅದಾಲತು ನಡೆಸುವ ತಾಲೂಕು ಲೀಗಲ್ ಸರ್ವಿಸಸ್ ಕಮಿಟಿ ದೂರ ಎಲ್ಲಿಯೂ ಇಲ್ಲ, ಕೋರ್ಟಿನ ಕಟ್ಟಡದಲ್ಲೇ ಕೇಳಿದ್ರೆ ಹೇಳ್ತಾರೆ.

ಆದ್ರೆ ಎಲ್ಲದಕ್ಕೂ ರಾಜಿ ಅಂತ ನಾನು ಹೇಳುವುದಿಲ್ಲ. ಪಾಲಕ್ಕಾಡಿನ ಪೆರುಮಾಟ್ಟಿ ಪಂಚಾಯತು ನೆನಪಿಸಿಕೊಳ್ಳಿ, 2003ರಲ್ಲಿ ಪ್ಲಾಚಿಮಡದ ಕೋಕಾ ಕೋಲಾ ಫ್ಯಾಕ್ಟರಿಯ ಲೈಸೆನ್ಸ್ ರಿನ್ಯೂ ಮಾಡುವುದಿಲ್ಲ ಅಂತ ತೀರ್ಮಾನ ಮಾಡಿತು, ಆ ವರ್ಷ ಡಿಸೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅಂತರ್ಜಲ ಜನರದ್ದು ಅಂತ ಹೇಳಿತು, 2005ರಲ್ಲಿ ಡಿವಿಷನ್ ಬೆಂಚು ಕಂಪೆನಿಯ ಪರವಾಗಿ ಹೇಳಿತು, ಆ ಸಣ್ಣ ಪಂಚಾಯತು ಅಲ್ಲಿಗೂ ಬಿಡದೆ ಸುಪ್ರೀಂ ಕೋರ್ಟಿಗೆ ಹೋಯ್ತು, 2017ರಲ್ಲಿ ಕಂಪೆನಿಯೇ ಇನ್ನು ಅಲ್ಲಿ ಉತ್ಪಾದನೆ ಮಾಡುವ ಉದ್ದೇಶ ಇಲ್ಲ ಅಂತ ಕೋರ್ಟಿಗೆ ತಿಳಿಸಿತು. ಬಾವಿಯ ನೀರಿನ ಪ್ರಶ್ನೆ ಅದು, ಅರ್ಧ ಬಿಟ್ಟುಕೊಟ್ಟು ರಾಜಿ ಮಾಡುವ ವಿಷಯವೇ ಅಲ್ಲ. ಅದೇ ರೀತಿ ಪುರಂಬೋಕು, ಅಂದ್ರೆ ಸರ್ಕಾರಿ ಜಾಗದ ಒತ್ತುವರಿ, ರೂಲ್ ಮೀರಿ ಕಟ್ಟಿದ ಕಟ್ಟಡ, ಇದರಲ್ಲೆಲ್ಲ ಪಂಚಾಯತು ಮನಸ್ಸು ಮಾಡಿದ್ರೂ ರಾಜಿ ಮಾಡ್ಲಿಕ್ಕೆ ಬರುವುದಿಲ್ಲ, ಕಾನೂನಿಗೆ ವಿರುದ್ಧವಾದ ಒಪ್ಪಂದವನ್ನು ಕೋರ್ಟು ದಾಖಲಿಸುವುದಿಲ್ಲ. ಲಕ್ನೋದ ನಗರಪಾಲಿಕೆ ಒಂದು ಪಾರ್ಕಿನ ಅಡಿಯಲ್ಲಿ ಶಾಪಿಂಗ್ ಕಾಂಪ್ಲೆಕ್ಸ್ ಕಟ್ಟಲಿಕ್ಕೆ ಟೆಂಡರ್ ಇಲ್ಲದೆ ಬಿಲ್ಡರ್ ಜತೆ ಮಾಡಿಕೊಂಡ ಒಪ್ಪಂದವನ್ನು ಸುಪ್ರೀಂ ಕೋರ್ಟು 1999ರಲ್ಲಿ ಕಿತ್ತು ಹಾಕಿ ಕಟ್ಟಿದ್ದನ್ನು ಕೆಡವಲಿಕ್ಕೆ ಹೇಳಿದ್ದು ಇದಕ್ಕೇ. ಹಾಗಾಗಿ ಫೈಲು ಬಂದಾಗ ಮೊದ್ಲು ಕೇಳಬೇಕಾದ್ದು ಇದು ಯಾವ ಜಾತಿಯ ಕೇಸು, ಹಣದ್ದಾ, ಗಡಿಯದ್ದಾ, ಅಲ್ಲ ಊರಿನ ಹಕ್ಕಿನದ್ದಾ. ಆಮೇಲೆ ವಕೀಲರ ಅಭಿಪ್ರಾಯ ಬರಹದಲ್ಲಿ ಬೇಕು, ಫೋನಿನಲ್ಲಿ "ನೋಡುವ, ಚಾನ್ಸ್ ಉಂಟು" ಅಂದದ್ದು ಸಾಲದು. ಒಬ್ಬರಿಗೆ ಕೊಟ್ರೆ ಅದೇ ಕಾರಣಕ್ಕೆ ಇನ್ನೆಷ್ಟು ಜನ ಬರಬಹುದು ಅನ್ನುವುದೂ ನ್ಯಾಯವಾದ ಪ್ರಶ್ನೆಯೇ, ಅದನ್ನು ಕೇಳಿದವರನ್ನು ಕಲ್ಲು ಮನಸ್ಸಿನವರು ಅನ್ನಬಾರದು.

ಅಪೀಲಿನ ದಿನಗಳ ಲೆಕ್ಕ ಬೇರೆ. ಮುನ್ಸಿಫ್ ಕೋರ್ಟಿನ ತೀರ್ಪಿನ ಮೇಲೆ ಜಿಲ್ಲಾ ಮಟ್ಟದ ಅಪೀಲಿಗೆ 30 ದಿನ, ಕಾಪಿ ಸಿಗ್ಲಿಕ್ಕೆ ಹಿಡಿದ ದಿನ ಕಳೆದು. ಪಂಚಾಯತ್ ಮೀಟಿಂಗು ತಿಂಗಳಿಗೊಮ್ಮೆ ಅಂತಾದ್ರೆ ಒಂದು ಮೀಟಿಂಗಲ್ಲಿ ಮುಂದಕ್ಕೆ ಹಾಕಿದ್ರೆ ಸಾಕು, ಗಡುವು ಹೋಯ್ತು. ಸರ್ಕಾರಿ ಫೈಲು ನಿಧಾನ ಅಂತ ಹೇಳಿದ್ರೆ ಕೋರ್ಟು ಮಾಫಿ ಮಾಡುವ ಕಾಲ ಹೋಗಿದೆ, 2012ರಲ್ಲಿ ಅಂಚೆ ಇಲಾಖೆಯ 427 ದಿನದ ತಡವನ್ನು ಸುಪ್ರೀಂ ಕೋರ್ಟು ಒಪ್ಪಲೇ ಇಲ್ಲ. ಸೋಲು ಗ್ಯಾರಂಟಿ ಅನಿಸಿದ ಹಣದ ಕೇಸಲ್ಲಿ ನಾವು ಕೊಡಬೇಕಾದಷ್ಟು ಅಂತ ನಮಗೆ ಕಾಣುವ ಮೊತ್ತವನ್ನು ಕೋರ್ಟಲ್ಲಿ ಡಿಪಾಸಿಟ್ ಮಾಡ್ಲಿಕ್ಕೂ ಆಗ್ತದೆ, ಆ ಮೊತ್ತದ ಮೇಲೆ ಬಡ್ಡಿ ಅಲ್ಲಿಗೆ ನಿಲ್ತದೆ.

"ಕೋರ್ಟಿಗೆ ಬಂದವರಿಗೆ ಮಾತ್ರ ಕೊಡುವ" ಅನ್ನುವ ಬುದ್ಧಿ ಎಲ್ಲಿಗೆ ಮುಟ್ಟಿಸ್ತದೆ ಅಂತ ನಮ್ಮ ಜಿಲ್ಲೆಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಎಂಡೋಸಲ್ಫಾನ್ ಅನ್ನುವ ಕೀಟನಾಶಕದಿಂದ ಸಂತ್ರಸ್ತರಾದವರಿಗೆ ತಲಾ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತ್ತು, ಮೂರು ತಿಂಗಳೊಳಗೆ. 2022ರ ಮೇಯಲ್ಲಿ ವಿಷಯ ಪುನಃ ಕೋರ್ಟಿಗೆ ಬಂದಾಗ ಪರಿಹಾರ ಸಿಕ್ಕಿದ್ದು ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ 8 ಜನಕ್ಕೆ ಮಾತ್ರ, ಸಾವಿರಾರು ಜನ ಕಾಯ್ತಾ ಇದ್ರು. ಅದು ರಾಜ್ಯ ಸರ್ಕಾರದ ವಿಷಯ, ಪಂಚಾಯತಿನದ್ದಲ್ಲ, ಆದ್ರೆ ಹಾಸಿಗೆ ಬಿಟ್ಟು ಏಳಲಾಗದ ಮಗುವಿನ ತಾಯಿ ದೆಹಲಿಗೆ ವಕೀಲರನ್ನು ಹುಡುಕಬೇಕು ಅನ್ನುವುದು ನನಗೆ ಇವತ್ತಿಗೂ ನುಂಗ್ಲಿಕ್ಕೆ ಆಗುವುದಿಲ್ಲ. ಎಣ್ಮಕಜೆ, ಬೆಳ್ಳೂರು ಕಡೆಯವರಿಗೆ ನಾನು ಏನು ಹೇಳ್ತಾ ಇದ್ದೇನೆ ಅಂತ ಗೊತ್ತಾಗ್ತದೆ.

ಭಾಷೆಯದ್ದೂ ಒಂದು ಉಂಟು. ನೋಟೀಸು, ಅಫಿಡವಿಟ್, ಮಿನಿಟ್ಸು ಹೆಚ್ಚಾಗಿ ಮಲಯಾಳದಲ್ಲಿ ಇಲ್ಲ ಇಂಗ್ಲಿಷಲ್ಲಿ, ಕನ್ನಡ ಮೀಡಿಯಂನಲ್ಲಿ ಓದಿದ ಎಷ್ಟೋ ಮೆಂಬರುಗಳು ಪೂರ್ತಿ ಅರ್ಥ ಆಗದೆ ಸಹಿ ಹಾಕ್ತಾರೆ. ಕೇಸಿನ ಐಟಂ ಇದ್ದ ದಿನ ಅರ್ಧ ಪುಟದ ಕನ್ನಡ ಟಿಪ್ಪಣಿ ಕೊಡಿ ಅಂತ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

2025ರ ಡಿಸೆಂಬರಿನಲ್ಲಿ ಹೊಸ ಆಡಳಿತ ಸಮಿತಿಗಳು ಬಂದಿವೆ, ಹಳೇ ಕೇಸುಗಳೂ ಅವರ ತಲೆಗೇ ಬಂದಿವೆ. ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಆಕ್ಟಲ್ಲೇ ಉಂಟು, ನಮ್ಮ ವಾರ್ಡಿನ ಮುಂದಿನ ಸಭೆಯಲ್ಲಿ ನಾನು ಕೇಳುವುದು ಒಂದೇ ಪಟ್ಟಿ: ಪಂಚಾಯತಿನ ಮೇಲೆ ಎಷ್ಟು ಕೇಸು ಉಂಟು, ಯಾವುದರಲ್ಲಿ ಎದುರಿನವರು ಏನು ಕೇಳ್ತಿದ್ದಾರೆ, ಇದುವರೆಗೆ ಫೀಸು ಎಷ್ಟು ಹೋಗಿದೆ, ಮುಂದಿನ ತಾರೀಕು ಯಾವಾಗ. ನೀವೂ ನಿಮ್ಮ ವಾರ್ಡಲ್ಲಿ ಕೇಳಿ, ಉತ್ತರ ಸಿಕ್ಕಿದ್ರೆ ಕಮೆಂಟಲ್ಲಿ ಹಾಕಿ.