ಬೇರೆ ಕಾಲೇಜಿನ ಹುಡುಗ, ನಮ್ಮೂರ ತಂಡ

2015ರಲ್ಲಿ ನಾನು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್‌ನಲ್ಲಿ ಓದುತ್ತಿದ್ದೆ. ಬ್ಯಾಸ್ಕೆಟ್‌ಬಾಲ್ ಗೊತ್ತಿರುವವರಿಗೆ ಈ ಊರಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 1891ರಲ್ಲಿ ಈ ಆಟ ಶುರು ಮಾಡಿದ ಜೇಮ್ಸ್ ನೈಸ್ಮಿತ್ ಆಮೇಲೆ ಇಲ್ಲಿಗೆ ಬಂದು ಕಾನ್ಸಾಸ್ ಯೂನಿವರ್ಸಿಟಿಯ ಮೊದಲ ಕೋಚ್ ಆದರು. ಅವರ ಸಮಾಧಿಯೂ ಇದೇ ಊರಲ್ಲಿದೆ. ಯೂನಿವರ್ಸಿಟಿಯ ಅಲೆನ್ ಫೀಲ್ಡ್‌ಹೌಸ್‌ನಲ್ಲಿ ಆಗ 16,300 ಜನ ಕೂರಬಹುದಿತ್ತು, ಆದರೂ ಚಳಿಗಾಲದಲ್ಲಿ ಮುಂದಿನ ಸೀಟು ಬೇಕು ಅಂತ ಹುಡುಗರು ದಿನಗಟ್ಟಲೆ ಸರದಿ ಕಾಯುತ್ತಿದ್ದರು.

ಬೇಸಿಗೆಯಲ್ಲಿ ಮಾತ್ರ ಊರು ಖಾಲಿ. ಆ ವರ್ಷ ಹಾಗಾಗಲಿಲ್ಲ. ಜುಲೈನಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್ಜುನಲ್ಲಿ ವಿಶ್ವ ಯೂನಿವರ್ಸಿಟಿ ಕ್ರೀಡಾಕೂಟ ಇತ್ತು, ಅದರ ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ ಅಮೆರಿಕದ ಪರವಾಗಿ ಕಾನ್ಸಾಸ್ ತಂಡವೇ ಹೋಗುವುದು ಅಂತ ಆಯಿತು. ಆದರೆ ದೇಶದ ಹೆಸರಲ್ಲಿ ಆಡಬೇಕು ಅಂದರೆ ಆ ದೇಶದ ಪೌರನಾಗಿರಬೇಕಲ್ವಾ? ಕಾನ್ಸಾಸ್‌ನ ಸ್ವಿ ಮಿಖೈಲ್ಯುಕ್ ಉಕ್ರೇನಿನವನು, ಹೊಸದಾಗಿ ಸೇರುತ್ತಿದ್ದ ಚೇಕ್ ಡಿಯಾಲೊ ಮಾಲಿ ದೇಶದವನು. ಇಬ್ಬರೂ ಆಡುವಂತಿಲ್ಲ. ಇನ್ನು ಕೆಲವರಿಗೆ ಗಾಯ. ಹಾಗಾಗಿ ಹೊರಗಿನಿಂದ ಇಬ್ಬರನ್ನು ಸೇರಿಸಿಕೊಂಡರು. ಫ್ಲಾರಿಡಾ ಗಲ್ಫ್ ಕೋಸ್ಟ್ ಯೂನಿವರ್ಸಿಟಿಯ ಜೂಲಿಯನ್ ಡಿಬೋಸ್ ಒಬ್ಬ, ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯ ನಿಕ್ ಮೂರ್ ಇನ್ನೊಬ್ಬ.

ನಿಕ್ ಮೂರ್ ಹೆಸರು ನೋಡಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅವನ ಎತ್ತರ 5 ಅಡಿ 9 ಇಂಚು. ಆರೂವರೆ ಅಡಿಯವರೆಲ್ಲ ಮಾಮೂಲಿ ಅನ್ನಿಸುವ ಆ ಆಟದಲ್ಲಿ ಅಷ್ಟು ಗಿಡ್ಡ ಹುಡುಗ ಆ ವರ್ಷ ಅವನ ಕಾನ್ಫರೆನ್ಸ್‌ನ, ಅಂದರೆ ಅವನ ಕಾಲೇಜು ಆಡುವ ಲೀಗಿನ, ಅತ್ಯುತ್ತಮ ಆಟಗಾರ ಆಗಿದ್ದ. ಮೈಸೂರಿನಲ್ಲಿ ಓದುವಾಗ ನಾನೂ ಅವನ ಹಾಗೆ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ಹಿಡಿದು ತಂಡದ ಆಟ ನಡೆಸುವವಳು, ತಂಡದಲ್ಲಿ ಎಲ್ಲರಿಗಿಂತ ಗಿಡ್ಡ. ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಿಯ ಮೊದಲ ಪಂದ್ಯದಲ್ಲೇ ಅವನ ತಂಡ ಲಾಸ್ ಏಂಜಲೀಸ್‌ನ ಯೂನಿವರ್ಸಿಟಿ ಯುಸಿಎಲ್‌ಎ ಎದುರು 60-59ಕ್ಕೆ ಸೋತಿದ್ದನ್ನು ಟಿವಿಯಲ್ಲಿ ನೋಡಿದ್ದೆ. ಕೊನೆಯ ಸೆಕೆಂಡುಗಳಲ್ಲಿ ಎದುರಾಳಿ ಬುಟ್ಟಿಗೆ ಎಸೆದ ಬಾಲ್ ಕೆಳಗಿಳಿಯುವಾಗ ಅವನ ತಂಡದವನೊಬ್ಬ ಅದನ್ನು ಮುಟ್ಟಿದ, ಹಾಗೆ ಮುಟ್ಟುವಂತಿಲ್ಲ ಅಂತ ರೆಫರಿ ಎದುರಾಳಿಗೆ ಮೂರು ಪಾಯಿಂಟ್ ಕೊಟ್ಟುಬಿಟ್ಟರು. ಆಮೇಲೆ ಮೂರ್ ದೂರದಿಂದ ಎಸೆದದ್ದೂ ಬೀಳಲಿಲ್ಲ. ಆ ಹುಡುಗನ ಮುಖ ತುಂಬಾ ದಿನ ನನ್ನ ಮನಸ್ಸಿನಿಂದ ಹೋಗಿರಲಿಲ್ಲ.

ಅವನು ಇಲ್ಲಿಗೆ ಬಂದದ್ದಕ್ಕೆ ಒಂದು ಹಳೆಯ ನಂಟೂ ಇತ್ತು ಅಂತ ನನಗನ್ನಿಸುತ್ತದೆ. ಅವನ ಕೋಚ್ ಲ್ಯಾರಿ ಬ್ರೌನ್ 1988ರಲ್ಲಿ ಕಾನ್ಸಾಸ್‌ಗೆ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿಕೊಟ್ಟವರು. ಈಗಿನ ಕೋಚ್ ಬಿಲ್ ಸೆಲ್ಫ್ ಒಂದು ಕಾಲಕ್ಕೆ ಅವರ ಕೈಕೆಳಗೆ ಸಹಾಯಕರಾಗಿದ್ದರು.

ಜೂನ್ ಕೊನೆಗೆ ಕಾನ್ಸಾಸ್ ಸಿಟಿಯ ಸ್ಪ್ರಿಂಟ್ ಸೆಂಟರ್‌ನಲ್ಲಿ ಕೆನಡಾ ಜೊತೆ ಅಭ್ಯಾಸ ಪಂದ್ಯ ಇಟ್ಟರು. ಹೋಗಲೇಬೇಕು ಅಂತ ನನ್ನ ರೂಮ್‌ಮೇಟ್‌ನ ಎಳೆದುಕೊಂಡು ಹೋದೆ. ಅವಳು ದಾವಣಗೆರೆಯವಳು, ಆಟದ ಗಂಧ ಇಲ್ಲ. "ಯಾರೇ ಅವನು, ಅಷ್ಟು ಕೂಗ್ತಿದೀಯ?" ಅಂದಳು. "ನಮ್ಮೋನಲ್ಲ, ಆದ್ರೂ ನಮ್ಮೋನೇ," ಅಂದೆ. ಜನ ಮೂರ್‌ಗೂ ತಮ್ಮ ಹುಡುಗರಷ್ಟೇ ಜೋರಾಗಿ ಚಪ್ಪಾಳೆ ಹೊಡೆದರು. ನನಗೆ ಕಣ್ಣು ತುಂಬಿ ಬಂತು.

ಯಾಕೆ ಅಂದರೆ ಹಾಗೆ ಹೋಗಿ ಸೇರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ನಮ್ಮ ಯೂನಿವರ್ಸಿಟಿ ತಂಡ ಮಾಡಿದಾಗ ನಮ್ಮ ಕಾಲೇಜಿನಿಂದ ನಾನೊಬ್ಬಳೇ, ಉಳಿದವರಲ್ಲಿ ಮುಕ್ಕಾಲು ಪಾಲು ಒಂದೇ ಕಾಲೇಜಿನವರು. ಅವರಿಗೆ ಒಬ್ಬರ ಕಣ್ಸನ್ನೆ ಇನ್ನೊಬ್ಬರಿಗೆ ಗೊತ್ತು. ನನಗೆ ಪಾಸ್ ಎಲ್ಲಿಗೆ ಕೊಡಬೇಕು ಅಂತಲೇ ತಿಳಿಯುತ್ತಿರಲಿಲ್ಲ, ಒಂದು ಕ್ಷಣ ತಡವಾದರೂ ಬಾಲ್ ಹೊರಗೆ. ಬೇರೆ ಜಾಗದಲ್ಲಿ ಆಡುವವರು ಹೇಗೋ ಹೊಂದಿಕೊಳ್ಳಬಹುದು, ಆದರೆ ಗಾರ್ಡ್ ಆದವನು ಉಳಿದ ನಾಲ್ಕು ಜನರನ್ನೂ ಅವರಿಗಿಂತ ಮೊದಲೇ ಅರ್ಥ ಮಾಡಿಕೊಂಡಿರಬೇಕು. ಅದರ ಮೇಲೆ ಅಂತರರಾಷ್ಟ್ರೀಯ ನಿಯಮ ಬೇರೆ. ಆ ತನಕ ಅಮೆರಿಕದ ಪುರುಷರ ಕಾಲೇಜು ಆಟದಲ್ಲಿ ಒಂದು ದಾಳಿಗೆ 35 ಸೆಕೆಂಡ್ ಸಿಗುತ್ತಿತ್ತು, ಇಲ್ಲಿ 24 ಮಾತ್ರ. ಮೂರು ಪಾಯಿಂಟಿನ ಗೆರೆಯೂ ಸುಮಾರು ಅರ್ಧ ಮೀಟರ್ ಹಿಂದೆ. ಇದನ್ನೆಲ್ಲ ಕೆಲವೇ ವಾರದಲ್ಲಿ ಕಲಿಯಬೇಕು, ಅದೂ ಫ್ರಾಂಕ್ ಮೇಸನ್‌ನಂಥ ಗಟ್ಟಿ ಗಾರ್ಡ್ ಆಗಲೇ ಇರುವ ತಂಡದಲ್ಲಿ. ಅಂಥ ಕಡೆ ಬಂದು ಆಡುವುದಕ್ಕೆ ಒಪ್ಪಿಕೊಂಡ ಅವನ ಮೇಲೆ ನನಗೆ ಗೌರವ ಜಾಸ್ತಿಯಾಯಿತು.

ಗ್ವಾಂಗ್ಜು ಲಾರೆನ್ಸ್‌ಗಿಂತ 14 ಗಂಟೆ ಮುಂದೆ, ಅಲ್ಲಿ ರಾತ್ರಿ ಅಂದರೆ ನಮಗೆ ಬೆಳಿಗ್ಗೆ. ಜುಲೈ 13, ಸೋಮವಾರ ಫೈನಲ್, ಎದುರಿಗೆ ಜರ್ಮನಿ. ಟಿವಿ ಮುಂದೆ ಕಾಫಿ ಹಿಡಿದು ಕೂತವಳು ಕುಡಿಯುವುದನ್ನೇ ಮರೆತೆ. ನಲವತ್ತು ನಿಮಿಷ ಮುಗಿದಾಗ ಸಮ. ಐದು ನಿಮಿಷದ ಓವರ್‌ಟೈಮ್ ಮುಗಿದಾಗಲೂ ಸಮ. ಎರಡನೇ ಓವರ್‌ಟೈಮ್ ಹೊತ್ತಿಗೆ ಆ ಹುಡುಗರ ಕಾಲಲ್ಲಿ ಇನ್ನೆಲ್ಲಿಂದ ಶಕ್ತಿ ಬರಬೇಕು ಹೇಳಿ, ದಿನ ಬಿಟ್ಟು ದಿನ ಅಂತಲೂ ಇಲ್ಲದೆ ಆಡಿ ಬಂದವರು. ರೂಮ್‌ಮೇಟ್ ಕ್ಲಾಸಿಗೆ ಹೊರಟವಳು ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ಬಾಗಿಲ ಹತ್ತಿರ ನಿಂತುಬಿಟ್ಟಳು. 84-77. ಆಡಿದ ಎಂಟೂ ಪಂದ್ಯ ಗೆದ್ದರು. ಈ ಕೂಟದಲ್ಲಿ ಅಮೆರಿಕದ ಪುರುಷರಿಗೆ ಚಿನ್ನ ಬಂದದ್ದು 2005ರ ನಂತರ ಆಗಲೇ. ನಮ್ಮೂರಿನ ಮುಖ್ಯ ಬೀದಿ ಮಾಸಾಚುಸೆಟ್ಸ್ ಸ್ಟ್ರೀಟ್‌ನಲ್ಲಿ ಅವತ್ತು ಎಲ್ಲಿ ಹೋದರೂ ಅದೇ ಮಾತು.

ಆಮೇಲಿನ ಕಥೆ ನನಗೆ ಈಗಲೂ ಸಂಕಟ ಕೊಡುತ್ತದೆ. ಮೂರ್ ಡಲ್ಲಾಸ್‌ಗೆ ವಾಪಸ್ ಹೋದ. ಸೆಪ್ಟೆಂಬರ್‌ನಲ್ಲಿ ಅವನ ಕಾಲೇಜಿಗೆ ನಿಯಮ ಮುರಿದದ್ದಕ್ಕೆ ಶಿಕ್ಷೆ ಬಂತು, ಆ ಸೀಸನ್ನಿನ ಕೊನೆಯ ಟೂರ್ನಿಗಳಲ್ಲಿ ಆಡುವಂತಿಲ್ಲ ಅಂತ. ಅದು ಅವನ ಕಾಲೇಜಿನ ಕೊನೆಯ ವರ್ಷ. ಹಾಗಿದ್ದೂ ಆ ತಂಡ ಮೊದಲ 18 ಪಂದ್ಯ ಸತತವಾಗಿ ಗೆದ್ದಿತು. ಅವನು ಮತ್ತೆ ಕಾನ್ಫರೆನ್ಸ್‌ನ ಅತ್ಯುತ್ತಮ ಆಟಗಾರ ಆದ. ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಿ ಶುರುವಾದಾಗ ಅವನು ಮನೆಯಲ್ಲಿ ಕೂರಬೇಕಾಯಿತು. ಯುಸಿಎಲ್‌ಎ ಎದುರಿನ ಆ ಸೋಲಿನ ನಂತರ ಅವನ ಕಾಲೇಜು ದಿನಗಳಲ್ಲಿ ಅವನಿಗೆ ಸಿಕ್ಕ ದೊಡ್ಡ ಟೂರ್ನಿ ಅಂದರೆ ಗ್ವಾಂಗ್ಜು ಒಂದೇ, ಅದನ್ನು ಅವನು ನಮ್ಮೂರಿನ ಹುಡುಗರ ಜೊತೆ ಆಡಿದ.