ಆ ಬದಿಯ ಧ್ವನಿಗೂ ಒಂದು ಶಾಲು ಸಲ್ಲಬೇಕು

ಕಳೆದ ವರ್ಷ ಮಾಘಮಾಸದ ಒಂದು ರಾತ್ರಿ, ಹಿರಿಯೂರಿನಲ್ಲಿ ಆರತಕ್ಷತೆ ಮುಗಿಸಿಕೊಂಡು ದಾವಣಗೆರೆಗೆ ಮರಳುತ್ತಿದ್ದಾಗ, ಭರಮಸಾಗರ ದಾಟಿ ಆನಗೋಡು ಇನ್ನೂ ಬರಬೇಕೆನ್ನುವ ಕಡೆ ಹೆದ್ದಾರಿಯ ಅಂಚಿನಲ್ಲಿ ಬೈಕೊಂದು ಉರುಳಿಬಿದ್ದಿದ್ದನ್ನು ಕಂಡು ಕಾರು ನಿಲ್ಲಿಸಿದೆವು. ಸವಾರ ಇಪ್ಪತ್ತು ದಾಟಿದ ಹುಡುಗ. ಅವನ ತೊಡೆಯಿಂದ ರಕ್ತ ಹರಿಯುತ್ತಿತ್ತು. ನಾನು 108ಕ್ಕೆ ಕರೆ ಮಾಡಿದೆ. ಕರೆ ತೆಗೆದುಕೊಂಡ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: “ದಾವಣಗೆರೆ ಕಡೆ ಹೋಗೋ ರಸ್ತೆಯಲ್ಲಿದ್ದೀರಾ, ದುರ್ಗದ ಕಡೆ ಹೋಗೋ ರಸ್ತೆಯಲ್ಲಿದ್ದೀರಾ?”

ನಡುವೆ ವಿಭಜಕವಿರುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತಪ್ಪು ಬದಿಗೆ ಬಂದ ಆಂಬ್ಯುಲೆನ್ಸ್ ಮುಂದಿನ ತಿರುವಿನವರೆಗೆ ಹೋಗಿ ಹಿಂದಿರುಗಬೇಕಾಗುತ್ತದೆ ಎಂಬುದು ಅದೇ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದ ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಬೆಂಗಳೂರಿನ ಕೇಂದ್ರದಲ್ಲಿ ಕುಳಿತ ಅವರಿಗೆ ಹೊಳೆದಿತ್ತು. ಆಮೇಲೆ ಕಿಲೋಮೀಟರ್ ಕಲ್ಲಿನ ಮೇಲಿನ ಸಂಖ್ಯೆಯನ್ನು ಓದಿಸಿಕೊಂಡರು. ಅದು ಚಿತ್ರದುರ್ಗ, ದಾವಣಗೆರೆ ಎರಡು ಜಿಲ್ಲೆಗಳ ಗಡಿಗೆ ಹತ್ತಿರದ ಜಾಗ. ಯಾವ ಕಡೆಯ ಗಾಡಿ ಬೇಗ ತಲುಪುತ್ತದೆ ಎಂಬುದನ್ನೂ ಅವರೇ ತೀರ್ಮಾನಿಸಬೇಕಿತ್ತು. ಬಟ್ಟೆ ಮಡಚಿ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಿರಿ, ನಿಂತಿದೆಯೇ ಎಂದು ನೋಡಲು ಎತ್ತಬೇಡಿ, ಹೆಲ್ಮೆಟ್ ಬಿಚ್ಚಬೇಡಿ ಎಂದರು. ಮದುವೆಯಲ್ಲಿ ಕೊಟ್ಟಿದ್ದ ಟವೆಲ್ಲನ್ನು ಮಡಚಿ ನಾನು ಒತ್ತಿ ಹಿಡಿದೆ. ನನ್ನ ಕೈ ನಡುಗುತ್ತಿತ್ತು, ಅವರ ಧ್ವನಿ ನಡುಗಲಿಲ್ಲ.

ಹುಡುಗ ಬದುಕಿದ. ಎರಡು ತಿಂಗಳ ನಂತರ ಅವನ ಊರಿನವರು ಆಂಬ್ಯುಲೆನ್ಸಿನ ಚಾಲಕನನ್ನೂ ಅದರಲ್ಲಿದ್ದ ತುರ್ತು ಸಹಾಯಕನನ್ನೂ ನನ್ನನ್ನೂ ದೇವಸ್ಥಾನದ ಕಟ್ಟೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಅಲ್ಲಿ ಕುಳಿತಾಗಲೇ ನನಗೆ ಕಸಿವಿಸಿ ಶುರುವಾಯಿತು. ನಾನು ಮಾಡಿದ್ದೆಲ್ಲ ಕರೆಯಲ್ಲಿದ್ದ ಆ ಹೆಣ್ಣುಮಗಳು ಹೇಳಿದ್ದನ್ನು. ಹೇಳಿದವರ ಹೆಸರು ಮಾತ್ರ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗ ಉಳಿದನೆಂಬ ಸುದ್ದಿ ಕೂಡ ಅವರನ್ನು ಮುಟ್ಟಿರಲಿಕ್ಕಿಲ್ಲ. ಗಾಡಿ ಸ್ಥಳಕ್ಕೆ ತಲುಪಿದ ಮೇಲೆ ನಮ್ಮ ಕರೆ ಮುಗಿಯಿತು, ಅವರ ಮುಂದೆ ಇನ್ನೊಂದು ಕರೆ ಬಂದಿರಬೇಕು.

ನಮ್ಮ ಎರಡು ಜಿಲ್ಲೆಗಳಲ್ಲಿ ಈ ಕೆಲಸ ಎಷ್ಟು ಕಷ್ಟದ್ದು ಎಂಬುದನ್ನು ಇಲ್ಲಿಯವರೇ ಬಲ್ಲರು. ಜಗಳೂರು, ಚಳ್ಳಕೆರೆ, ಹಿರಿಯೂರು ತಾಲ್ಲೂಕುಗಳಲ್ಲಿ “ಗೊಲ್ಲರಹಟ್ಟಿ” ಎಂದರೆ ಯಾವ ಗೊಲ್ಲರಹಟ್ಟಿ? “ತಾಂಡಾ” ಎಂದರೆ ಯಾವ ತಾಂಡಾ? ಹೊಲದ ಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡಾಗ ಕರೆ ಮಾಡುವವರು ಗಾಬರಿಯಲ್ಲಿ “ದೊಡ್ಡ ಆಲದ ಮರದ ಹತ್ತಿರ ಬನ್ನಿ” ಎನ್ನುತ್ತಾರೆ. ಅಳುವ ಆ ಮಾತಿನಿಂದ ಹೋಬಳಿ, ಗ್ರಾಮ, ದಾರಿ ಎಲ್ಲವನ್ನೂ ಹೆಕ್ಕಿ ತೆಗೆಯಬೇಕು. 112ಕ್ಕೆ ಬಂದ ಕರೆಯನ್ನು ಪಡೆದು ಗಸ್ತು ವಾಹನ ಕಳುಹಿಸುವ ಜಿಲ್ಲಾ ನಿಯಂತ್ರಣ ಕೊಠಡಿಯ ಸಿಬ್ಬಂದಿಯ ಪಾಡೂ ಇದೇ.

ಓಬವ್ವನ ಕಥೆಯನ್ನು ನಾವೆಲ್ಲ ಬಾಲ್ಯದಿಂದ ಬಲ್ಲೆವು. ಅದೇ ಕಥೆಯಲ್ಲಿ ಕಹಳೆ ಊದಿ ಕೋಟೆಯನ್ನು ಎಚ್ಚರಿಸಿದ ಅವಳ ಗಂಡನ ಹೆಸರನ್ನು ಥಟ್ಟನೆ ಹೇಳಬಲ್ಲವರು ಎಷ್ಟು ಮಂದಿ? ಕಹಳೆಯವರನ್ನು ಮರೆಯುವ ಅಭ್ಯಾಸ ನಮಗೆ ಹಳೆಯದು.

ಅಮೆರಿಕದಲ್ಲಿ ಏಪ್ರಿಲ್ ತಿಂಗಳ ಎರಡನೆಯ ವಾರವನ್ನು ತುರ್ತು ಕರೆ ಸಿಬ್ಬಂದಿಯ ಗೌರವಕ್ಕೆಂದೇ ಮೀಸಲಿಡುತ್ತಾರೆ. 1981ರಲ್ಲಿ ಕ್ಯಾಲಿಫೋರ್ನಿಯಾದ ಕಾಂಟ್ರಾ ಕೋಸ್ಟಾ ಕೌಂಟಿಯ ಷೆರಿಫ್ ಕಚೇರಿಯಲ್ಲಿ ಪೆಟ್ರೀಷಿಯಾ ಆಂಡರ್ಸನ್ ಎಂಬವರು ಅದನ್ನು ಆರಂಭಿಸಿದರು. ಆದರೂ ಅಲ್ಲಿನ ಕೇಂದ್ರ ಸರ್ಕಾರದ ಉದ್ಯೋಗ ವರ್ಗೀಕರಣ ಬಹುಕಾಲ ಇವರನ್ನು ಕಚೇರಿ ಸಹಾಯಕರ ಸಾಲಿನಲ್ಲಿಯೇ ಇರಿಸಿತು. ರಕ್ಷಣಾ ಸೇವೆಯ ಸಾಲಿಗೆ ಸೇರಿಸಿ ಎಂದು ಅವರು ಹೋರಾಡಬೇಕಾಯಿತು. ಶಾಲಿನ ಜೊತೆಗೆ ಹುದ್ದೆಯ ಘನತೆಯೂ ಸಿಗಬೇಕು ಎಂಬುದನ್ನು ನಾವು ಅಲ್ಲಿಂದ ತಿಳಿಯಬಹುದು.

ನಮ್ಮಲ್ಲಿ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹವಿದೆ, ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನವಿದೆ. ಎರಡೂ ಸರ್ವಥಾ ಯೋಗ್ಯ. ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡವರನ್ನು ಬೇಗ ಆಸ್ಪತ್ರೆಗೆ ಸೇರಿಸಿದ ದಾರಿಹೋಕರಿಗೆ ಬಹುಮಾನ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು, ಆಗ ಅದರ ಮೊತ್ತ 5,000 ರೂಪಾಯಿ ಇತ್ತು. ದಾರಿಹೋಕನಿಗೂ ಸಲ್ಲುವ ಮನ್ನಣೆ, ಆ ದಾರಿಹೋಕನ ಕೈಯಿಂದ ಸರಿಯಾದ ಕೆಲಸ ಮಾಡಿಸಿದವರಿಗೆ ಏಕೆ ಸಲ್ಲಬಾರದು?

ನಮ್ಮ ರಾಜ್ಯದಲ್ಲಿ 108 ಆರೋಗ್ಯ ಕವಚ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು, ಅಂದರೆ ರಾಜ್ಯೋತ್ಸವದ ದಿನವೇ. ಅದೇ ದಿನ ಜಿಲ್ಲಾ ಕೇಂದ್ರಗಳಲ್ಲಿ ಕಲಾವಿದರಿಗೆ, ಕೃಷಿಕರಿಗೆ, ಸಮಾಜಸೇವಕರಿಗೆ ಸನ್ಮಾನ ನಡೆಯುತ್ತದೆ. ಆ ಪಟ್ಟಿಯಲ್ಲಿ ಪ್ರತಿವರ್ಷ ತುರ್ತು ಕರೆ ಸ್ವೀಕರಿಸುವ ಒಬ್ಬರ ಹೆಸರನ್ನಾದರೂ ಸೇರಿಸಬೇಕು ಎಂದು, ಮತ್ತು ಬದುಕುಳಿದ ಜೀವಗಳ ಸುದ್ದಿ ಆ ಕರೆ ತೆಗೆದುಕೊಂಡವರಿಗೆ ತಲುಪುವ ಏರ್ಪಾಡು ಆಗಬೇಕು ಎಂದು ಜಿಲ್ಲಾಡಳಿತಕ್ಕೆ ಪತ್ರ ಬರೆದಿದ್ದೇನೆ. ನಾನು ಕರೆ ಮಾಡಿದ ದಿನಾಂಕವನ್ನೂ ವೇಳೆಯನ್ನೂ ಅದರಲ್ಲಿ ನಮೂದಿಸಿ, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: ಆ ಹುಡುಗ ಈಗ ಕೋಲಿಲ್ಲದೆ ನಡೆಯುತ್ತಾನೆ, ದಯವಿಟ್ಟು ಅವರಿಗೆ ತಿಳಿಸಿ.